ರಕ್ತದ ಕ್ಯಾನ್ಸರಿನ ಗುಳಿಗೆ: ದಿನಾ ತಗೋಬೇಕು, ಓದಿ ತಗೋಬೇಕು



ಕ್ಯಾನ್ಸರಿಗೆ ಮನೆಯಲ್ಲೇ ನುಂಗುವ ಗುಳಿಗೆ ಇದೆ ಎಂದರೆ ಕೆಲವರು ನಂಬುವುದಿಲ್ಲ. ಕ್ಯಾನ್ಸರ್ ಅಂದ್ರೆ ಆಪರೇಶನ್, ಸಲಾಯಿನ್, ಕರೆಂಟ್ ಕೊಡುವುದು, ಕೂದಲು ಉದುರುವುದು. ಇಷ್ಟೇ ನಮಗೆ ಗೊತ್ತು. ಆದರೆ ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಗುಳಿಗೆಯೇ ಮುಖ್ಯ ಔಷಧಿ. ಆ ರೋಗವನ್ನು ಡಾಕ್ಟರರು ಸಿ.ಎಂ.ಎಲ್. ಎಂದು ಕರೆಯುತ್ತಾರೆ. ಗುಳಿಗೆಯ ಹೆಸರು ಇಮಾಟಿನಿಬ್.

ಲಿಂಗನೂರಿನ ಕಡೆಯವರು ದೊಡ್ಡ ಕಾಯಿಲೆ ಬಂದರೆ ಮಿರಜಿಗೆ ಹೋಗುತ್ತಾರೆ. ಅಲ್ಲಿ ಡಾಕ್ಟರರು ಮರಾಠಿಯಲ್ಲಿ ಹೇಳುತ್ತಾರೆ. ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಮನೆಗೆ ಬಂದ ಮೇಲೆ ನಾವು ಅದನ್ನು ಕನ್ನಡದಲ್ಲಿ ನೆನಪಿಡಬೇಕು. ಮೂರು ಭಾಷೆಯ ನಡುವೆ ಒಂದು ಮಾತು ಜಾರಿ ಹೋದರೆ ಗುಳಿಗೆಯ ಕೆಲಸವೇ ಕೆಡುತ್ತದೆ. ಅದಕ್ಕೇ ಈ ಪಾಠ.

ಗುಳಿಗೆ ಏನು ಮಾಡುತ್ತದೆ?

ನಮ್ಮ ರಕ್ತದಲ್ಲಿ ಬಿಳಿ ಕಣಗಳಿವೆ. ಸಾಸಿವೆ ಕಾಳಿನಷ್ಟು ರಕ್ತದಲ್ಲಿ ಸುಮಾರು 4,000ದಿಂದ 11,000 ಕಣ ಇರಬೇಕು. ಸಿ.ಎಂ.ಎಲ್. ರೋಗದಲ್ಲಿ ಅವು ಒಂದು ಲಕ್ಷ, ಎರಡು ಲಕ್ಷ ಆಗಬಹುದು. ಆಗ ಸುಸ್ತು ಬರುತ್ತದೆ. ವಜನ ಇಳಿಯುತ್ತದೆ. ಎಡಗಡೆ ಪಕ್ಕೆಲುಬಿನ ಕೆಳಗೆ ಹೊಟ್ಟೆ ಭಾರವಾಗುತ್ತದೆ.

ಹೀಗೇಕೆ ಆಗುತ್ತದೆ? ಹೊಲದ ಮೋಟಾರು ನೆನಪು ಮಾಡಿಕೊಳ್ಳಿ. ಸ್ಟಾರ್ಟರಿನ ಗುಂಡಿ ಒತ್ತಿದ್ದು ಒತ್ತಿದಂಗೇ ಅಂಟಿಕೊಂಡರೆ ಮೋಟಾರು ನಿಲ್ಲುವುದಿಲ್ಲ. ನೀರು ಬದು ದಾಟಿ ಹರಿಯುತ್ತದೆ. ಈ ರೋಗದಲ್ಲಿ ಎಲುಬಿನೊಳಗೆ ರಕ್ತ ತಯಾರಾಗುವ ಜಾಗದಲ್ಲಿ ಅಂಥ ಒಂದು ಗುಂಡಿ ಅಂಟಿಕೊಂಡಿರುತ್ತದೆ. ಇಮಾಟಿನಿಬ್ ಆ ಗುಂಡಿಯನ್ನೇ ಹುಡುಕಿ ಹಿಡಿದು ಬಂದ್ ಮಾಡುತ್ತದೆ. ಮೈಯ ಉಳಿದ ಭಾಗಕ್ಕೆ ತೊಂದರೆ ಕಡಿಮೆ. ಅದಕ್ಕೇ ಇದನ್ನು ಗುರಿ ಹಿಡಿದು ಹೊಡೆಯುವ ಔಷಧಿ ಎನ್ನುತ್ತಾರೆ.

ಆದರೆ ಗುಳಿಗೆ ಆ ಗುಂಡಿಯನ್ನು ರಿಪೇರಿ ಮಾಡುವುದಿಲ್ಲ. ಕೈಯಿಂದ ಒತ್ತಿ ಹಿಡಿದಂತೆ ಹಿಡಿದಿರುತ್ತದೆ, ಅಷ್ಟೆ. ಒಂದು ದಿನ ಆದ ಮೇಲೆ ಆ ಹಿಡಿತ ಸಡಿಲವಾಗುತ್ತದೆ. ನಾಳೆ ಮತ್ತೆ ಗುಳಿಗೆ ಬೇಕು. ನಾಡಿದ್ದೂ ಬೇಕು.

ಇದು ಅಂಟುರೋಗ ಅಲ್ಲ. ಒಂದೇ ತಾಟಿನಲ್ಲಿ ಉಂಡರೆ ಬರುವುದಿಲ್ಲ. ತಂದೆತಾಯಿಯಿಂದ ಮಕ್ಕಳಿಗೂ ಬರುವುದಿಲ್ಲ.

"ಈಗ ಆರಾಮ ಅದೀನಿ, ಇನ್ಯಾಕ ಗುಳಿಗಿ?"

ಎರಡು ಮೂರು ತಿಂಗಳು ಗುಳಿಗೆ ತಗೊಂಡರೆ ಹೊಟ್ಟೆ ಇಳಿಯುತ್ತದೆ. ಊಟ ಸೇರುತ್ತದೆ. ಹೊಲಕ್ಕೆ ಹೋಗಬಹುದು. ಆಗ ಮನಸ್ಸು ಈ ಪ್ರಶ್ನೆ ಕೇಳುತ್ತದೆ. ದೊಡ್ಡ ಅಪಾಯ ಇರುವುದು ಇಲ್ಲೇ. ಆರಾಮ ಇರುವುದೇ ಗುಳಿಗೆಯಿಂದ.

ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಡಾಕ್ಟರರು 2010ರಲ್ಲಿ 87 ರೋಗಿಗಳ ಲೆಕ್ಕ ಪ್ರಕಟಿಸಿದರು. ಗುಳಿಗೆ ಡಬ್ಬಿಯ ಮುಚ್ಚಳದಲ್ಲಿ ಒಂದು ಯಂತ್ರ ಇಟ್ಟು, ಯಾರು ಎಷ್ಟು ದಿನ ಮುಚ್ಚಳ ತೆಗೆದರು ಎಂದು ನೋಡಿದರು. ತಿಂಗಳಿಗೆ ಮೂರು ಗುಳಿಗೆ ಕೂಡ ತಪ್ಪಿಸದವರಲ್ಲಿ 100ಕ್ಕೆ 94 ಮಂದಿಯ ರೋಗ ಚೆನ್ನಾಗಿ ಹಿಡಿತಕ್ಕೆ ಬಂತು. ಅದಕ್ಕಿಂತ ಹೆಚ್ಚು ತಪ್ಪಿಸಿದವರಲ್ಲಿ 100ಕ್ಕೆ 28 ಮಂದಿಗೆ ಮಾತ್ರ. ತಿಂಗಳಿಗೆ ಮೂರು ಗುಳಿಗೆ ಅಂದ್ರೆ ಒಂದು ಜಾತ್ರೆ, ಒಂದು ಮದುವೆ, ಒಂದು ಉಪವಾಸ. ಅಷ್ಟೇ.

ಗೋಡೆಯ ಕ್ಯಾಲೆಂಡರ್ ನೋಡ್ರಿ. ಗುಳಿಗೆ ನುಂಗಿದ ಕೂಡಲೆ ಆ ದಿನದ ಮನೆಯಲ್ಲಿ ಒಂದು ಗೆರೆ ಹಾಕಿ. ಮೊದಲು ನುಂಗಬೇಕು, ಆಮೇಲೆ ಗೆರೆ. ಪಂಢರಪುರದ ವಾರಿಗೆ ನಡೆದು ಹೋಗುವವರು ದಾರಿಗೆ ಬೇಕಾದಷ್ಟು ಗುಳಿಗೆ ಎಣಿಸಿಕೊಂಡು, ಮೇಲೆ ನಾಲ್ಕು ಹೆಚ್ಚು ಇಟ್ಟುಕೊಂಡು ಹೋಗಬೇಕು.

ಒಂದು ದಿನ ಮರೆತರೆ ಏನು ಮಾಡಬೇಕು? ಅದೇ ದಿನ ನೆನಪಾದರೆ ಊಟ ಮಾಡಿ ತಗೋರಿ. ಮಾರನೆ ದಿನದ ಹೊತ್ತು ಹತ್ತಿರ ಬಂದಿದ್ದರೆ ಬಿಟ್ಟುಬಿಡಿ. ಎರಡು ದಿನದ್ದು ಕೂಡಿಸಿ ನುಂಗಬೇಡಿ. ನುಂಗಿದ ಮೇಲೆ ವಾಂತಿಯಾದರೂ ಮತ್ತೊಂದು ನುಂಗಬೇಡಿ. ಮಾರನೆ ದಿನದ್ದನ್ನು ಅದೇ ಹೊತ್ತಿಗೆ ತಗೋರಿ.

100 ಇದೆಯೋ, 400 ಇದೆಯೋ?

ನೀವು ಅಂಕಿ ಓದಲು ಕಲಿತಿದ್ದೀರಿ. ಅದು ಇಲ್ಲಿ ಜೀವ ಉಳಿಸುವ ಕೆಲಸಕ್ಕೆ ಬರುತ್ತದೆ. ಇಮಾಟಿನಿಬ್ ಗುಳಿಗೆ ಎರಡು ಅಳತೆಯಲ್ಲಿ ಸಿಗುತ್ತದೆ: 100 ಮತ್ತು 400. ಬಹಳ ಜನರಿಗೆ ಡಾಕ್ಟರರು ದಿನಕ್ಕೆ 400 ಎಂದು ಬರೆಯುತ್ತಾರೆ. 100ರ ಗುಳಿಗೆಯಾದರೆ ನಾಲ್ಕು ನುಂಗಬೇಕು. 400ರ ಗುಳಿಗೆಯಾದರೆ ಒಂದೇ.

ಈಗ ಒಬ್ಬರು ನಾಲ್ಕು ಗುಳಿಗೆ ನುಂಗಿ ರೂಢಿಯಾಗಿದ್ದಾರೆ ಎಂದು ತಿಳಿಯಿರಿ. ಮುಂದಿನ ತಿಂಗಳು 400ರ ಪಾಕೀಟು ಬಂತು. ರೂಢಿಯಂತೆ ನಾಲ್ಕು ನುಂಗಿದರೆ 1,600 ಆಯಿತು! ಆದ್ದರಿಂದ ಪಾಕೀಟು ಕೈಗೆ ಬಂದಾಗ ಅಂಗಡಿಯಲ್ಲೇ ನಿಂತು ಹೆಸರು ಓದಿ, ಅಂಕಿ ಓದಿ, ತಾರೀಖು ಓದಿ. ಕಂಪನಿ ಬದಲಾದರೆ ಗುಳಿಗೆಯ ಬಣ್ಣವೂ ಬದಲಾಗುತ್ತದೆ. ಬಣ್ಣ ನಂಬಬೇಡಿ. ಅನುಮಾನ ಬಂದರೆ ಮೆಡಿಕಲ್‌ನವರನ್ನು ಕೇಳಲು ನಾಚಿಕೆ ಬೇಡ.

ಊಟ, ನೀರು, ದ್ರಾಕ್ಷಿ

ಇಮಾಟಿನಿಬನ್ನು ಊಟದ ಜೊತೆಗೆ, ಒಂದು ದೊಡ್ಡ ಗ್ಲಾಸ್ ನೀರಿನಲ್ಲಿ ನುಂಗಬೇಕು. ಬರಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ಉರಿಯುತ್ತದೆ, ವಾಂತಿ ಬರುತ್ತದೆ. ಏಕಾದಶಿ, ಸೋಮವಾರ ಇದ್ದರೆ ಫಳಾರ ಮಾಡಿ ತಗೋರಿ. ರಂಜಾನಿನಲ್ಲಿ ರೋಜಾ ಬಿಟ್ಟು ಊಟ ಮಾಡಿದ ಮೇಲೆ ತಗೊಳ್ಳಬಹುದು. ಹೊತ್ತು ಬದಲಿಸುವ ಮುಂಚೆ ಡಾಕ್ಟರರಿಗೆ ಒಂದು ಮಾತು ತಿಳಿಸಿ.

ಗುಳಿಗೆಯ ಜೊತೆಗಿನ ಇಂಗ್ಲಿಷ್ ಕಾಗದದಲ್ಲಿ 'ಗ್ರೇಪ್‌ಫ್ರೂಟ್ ತಿನ್ನಬೇಡಿ' ಎಂದು ಇರುತ್ತದೆ. ಗ್ರೇಪ್ ಅಂದ್ರೆ ದ್ರಾಕ್ಷಿ ತಾನೆ? ನಮ್ಮದು ದ್ರಾಕ್ಷಿ ತೋಟದ ಜಿಲ್ಲೆ. ದ್ರಾಕ್ಷಿ ಬಿಡಬೇಕೇನು ಎಂಬ ಚಿಂತೆ ಬರುವುದು ಸಹಜ. ಬಿಡಬೇಕಿಲ್ಲ. ಗ್ರೇಪ್‌ಫ್ರೂಟ್ ಬೇರೆ ಹಣ್ಣು. ಅದು ಮೋಸಂಬಿ, ಚಕ್ಕೋತದ ಜಾತಿಯದು. ಅದು ಗುಳಿಗೆಯ ಅಂಶವನ್ನು ಮೈಯಲ್ಲಿ ಹೆಚ್ಚು ಮಾಡುತ್ತದೆ. ಮರಾಠಿಯಲ್ಲಿ ಪಪನಸ ಎನ್ನುವ ಚಕ್ಕೋತವನ್ನೂ ಬಿಡುವುದು ಒಳ್ಳೆಯದು. ದ್ರಾಕ್ಷಿ, ಮನೂಕ ತಿನ್ನಿ, ತೊಳೆದು ತಿನ್ನಿ.

ಸಾಂಗಲಿ ಅರಿಷಿಣದ ಪೇಟೆ. ಅರಿಷಿಣ ಕ್ಯಾನ್ಸರಿಗೆ ಒಳ್ಳೆಯದು ಎಂದು ಹೇಳುವವರು ಬಹಳ. ಸಾರಿಗೆ ಹಾಕುವ ಚಿಟಿಕೆ ಅರಿಷಿಣಕ್ಕೆ ಅಡ್ಡಿಯಿಲ್ಲ. ಚಮಚಗಟ್ಟಲೆ ಅರಿಷಿಣ, ಕಷಾಯ, ಬೇರು, ಭಸ್ಮ ಇವನ್ನು ಡಾಕ್ಟರರಿಗೆ ಹೇಳದೆ ತಗೊಳ್ಳಬೇಡಿ. ಕೆಲವು ಲಿವರ್ ಕೆಡಿಸುತ್ತವೆ.

ಟಿ.ಬಿ.ಗೆ ಕೊಡುವ ರಿಫಾಂಪಿಸಿನ್, ಫಿಟ್ಸಿಗೆ ಕೊಡುವ ಕೆಲವು ಗುಳಿಗೆಗಳು ಇಮಾಟಿನಿಬಿನ ಬಲ ಇಳಿಸುತ್ತವೆ. ಆ ಗುಳಿಗೆಗಳನ್ನೂ ನೀವೇ ಬಿಡಬೇಡಿ. ಯಾವ ದವಾಖಾನೆಗೆ ಹೋದರೂ ಎಲ್ಲ ಪಾಕೀಟು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ.

ಮೈಯಲ್ಲಿ ಏನು ನೋಡಬೇಕು?

ಬೆಳಿಗ್ಗೆ ಕಣ್ಣಿನ ಸುತ್ತ ಬಾವು, ಕಾಲು ಸೆಳೆತ, ಭೇದಿ, ಮೈಮೇಲೆ ಗಂಧೆ ಬರಬಹುದು. ಇವಕ್ಕೆ ಹೆದರಿ ಗುಳಿಗೆ ಬಿಡಬೇಡಿ. ಡಾಕ್ಟರರಿಗೆ ಹೇಳಿದರೆ ಉಪಾಯ ಇದೆ. ಆದರೆ ಜ್ವರ, ರಕ್ತ ಬೀಳುವುದು, ಕರಿ ಮಲ, ಉಸಿರಾಟಕ್ಕೆ ಕಷ್ಟ, ಕಣ್ಣು ಹಳದಿ, ಒಮ್ಮೆಲೆ ವಜನ ಏರುವುದು ಕಂಡರೆ ಅದೇ ದಿನ ದವಾಖಾನೆಗೆ ಹೋಗಿ.

ತಾಯಂದಿರಿಗೆ ಒಂದು ಮಾತು. ಈ ಗುಳಿಗೆ ಹೊಟ್ಟೆಯಲ್ಲಿನ ಕೂಸಿಗೆ ಅಪಾಯ. ಗುಳಿಗೆ ನಡೆದಿರುವಾಗ ಬಸುರಾಗದಂತೆ ನೋಡಿಕೊಳ್ಳಬೇಕು. ತಿಂಗಳು ತಪ್ಪಿದರೆ ಮುಚ್ಚಿಡದೆ ಕೂಡಲೇ ಡಾಕ್ಟರರಿಗೆ ಹೇಳಬೇಕು. ಮೊಲೆಹಾಲು ಕುಡಿಸಬಾರದು. ಮನೆಯ ಬಸುರಿ ಹೆಣ್ಣುಮಕ್ಕಳು ಗುಳಿಗೆಯನ್ನು ಪುಡಿ ಮಾಡಿ ಕೊಡುವ ಕೆಲಸಕ್ಕೆ ಹೋಗಬಾರದು. ಗುಳಿಗೆ ನುಂಗಲು ಆಗದವರು ಅದನ್ನು ಒಂದು ಗ್ಲಾಸ್ ನೀರಿನಲ್ಲಿ ಹಾಕಿ, ಕರಗಿದ ಕೂಡಲೆ ಕುಡಿಯಬಹುದು.

ರಕ್ತ ತಪಾಸಣೆ ತಪ್ಪಿಸಬೇಡಿ. ಬಿ.ಸಿ.ಆರ್.-ಎ.ಬಿ.ಎಲ್. ಎಂಬ ತಪಾಸಣೆಯನ್ನು ಮೂರು ತಿಂಗಳಿಗೊಮ್ಮೆ ಮಾಡಿಸಲು ಹೇಳುತ್ತಾರೆ. ರೋಗ ಎಷ್ಟು ಉಳಿದಿದೆ ಎಂದು ಅದು ತೋರಿಸುತ್ತದೆ. ಹಲವು ವರ್ಷ ರೋಗ ಕಾಣದಿದ್ದರೆ ಕೆಲವರಿಗೆ ಡಾಕ್ಟರರೇ ಗುಳಿಗೆ ನಿಲ್ಲಿಸಿ ನೋಡುತ್ತಾರೆ. ಆಗಲೂ ಮೇಲಿಂದ ಮೇಲೆ ತಪಾಸಣೆ ಇರುತ್ತದೆ.

ದುಡ್ಡಿನ ಮಾತು

ಈ ಔಷಧಿಗೆ ಅಮೆರಿಕದಲ್ಲಿ 2001ರಲ್ಲಿ ಪರವಾನಗಿ ಸಿಕ್ಕಿತು. ನೊವಾರ್ಟಿಸ್ ಕಂಪನಿಯ ಗ್ಲಿವೆಕ್ ಗುಳಿಗೆಗೆ ತಿಂಗಳಿಗೆ ಒಂದು ಲಕ್ಷ ರೂಪಾಯಿಗೂ ಹೆಚ್ಚು ಬೆಲೆ ಇತ್ತು. ನಮ್ಮ ದೇಶದ ಕಂಪನಿಗಳು ಅದೇ ಔಷಧಿಯನ್ನು ಸುಮಾರು ಹತ್ತು ಸಾವಿರಕ್ಕೆ ಕೊಡುತ್ತಿದ್ದವು. ಪೇಟೆಂಟ್ ತನಗೆ ಬೇಕು ಎಂದು ನೊವಾರ್ಟಿಸ್ ಕೋರ್ಟಿಗೆ ಹೋಯಿತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ಪೇಟೆಂಟ್ ಕೊಡಲು ಒಪ್ಪಲಿಲ್ಲ. ಅದರಿಂದ ಅಗ್ಗದ ಗುಳಿಗೆ ಉಳಿಯಿತು. ಅಗ್ಗದ್ದು ಎಂದು ಕೀಳಾಗಿ ಕಾಣಬೇಡಿ. ಒಳಗಿರುವುದು ಅದೇ ಔಷಧಿ.

ದುಡ್ಡಿಲ್ಲ ಎಂದು ದಿನ ಬಿಟ್ಟು ದಿನ ನುಂಗಬೇಡಿ. ದವಾಖಾನೆಯಲ್ಲಿ ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆಯ ಆರೋಗ್ಯಮಿತ್ರರು ಕೂತಿರುತ್ತಾರೆ. ರೇಷನ್ ಕಾರ್ಡು, ಆಧಾರ್ ಒಯ್ದು ಅವರನ್ನು ಕೇಳಿ. ಹತ್ತು ಗುಳಿಗೆ ಉಳಿದಿರುವಾಗಲೇ ಹೋಗಿ. ಖಾಲಿಯಾದ ಮೇಲೆ ಹೊರಟರೆ ನಡುವೆ ದಿನ ತಪ್ಪುತ್ತವೆ.

ಇನ್ನೊಂದು ವಿಷಯ. ಇಲ್ಲಿ ಬರೆದದ್ದು ಇಮಾಟಿನಿಬ್ ಒಂದಕ್ಕೇ. ಇದೇ ರೋಗಕ್ಕೆ ನಿಲೋಟಿನಿಬ್ ಎಂಬ ಇನ್ನೊಂದು ಔಷಧಿ ಇದೆ. ಅದನ್ನು ಬರಿ ಹೊಟ್ಟೆಯಲ್ಲೇ ತಗೋಬೇಕು. ಊಟದ ಜೊತೆ ತಗೊಂಡರೆ ಹೃದಯಕ್ಕೆ ಅಪಾಯ. ಹೆಸರಿನ ಕೊನೆ ಒಂದೇ, ಪದ್ಧತಿ ಪೂರಾ ಉಲ್ಟಾ. ಆದ್ದರಿಂದ ಒಬ್ಬರ ಗುಳಿಗೆ ಇನ್ನೊಬ್ಬರು ತಗೊಳ್ಳಬಾರದು. ಬೀಗರ ಊರಲ್ಲಿ ಯಾರಿಗೋ ಗುಣವಾಯಿತು ಎಂದು ಅವರಂತೆ ಮಾಡಲೂಬಾರದು.

ಗುಳಿಗೆಯನ್ನು ಪಾಕೀಟಿನಲ್ಲೇ ಇಡಿ. ಒಲೆಯ ಹತ್ತಿರ ಬೇಡ, ಮಕ್ಕಳ ಕೈಗೆ ಸಿಗುವಲ್ಲಿ ಬೇಡ. ಡಾಕ್ಟರರು ಔಷಧಿ ಬದಲಿಸಿ ಹಳೆಯದು ಉಳಿದರೆ ತಿಪ್ಪೆಗೆ, ಗಟಾರಕ್ಕೆ ಎಸೆಯಬೇಡಿ. ಮುಂದಿನ ಸಲ ಹೋಗುವಾಗ ದವಾಖಾನೆಗೆ ಒಯ್ದು ಕೊಡಿ.