ನೂರು ವರ್ಷಕ್ಕೊಮ್ಮೆಯ ನೆರೆಯೂ ಚೀಟಿಯ ಲೆಕ್ಕವೂ

‘ನೂರು ವರ್ಷಕ್ಕೊಮ್ಮೆ ಬರುವ ನೆರೆ’ ಎಂಬ ಮಾತನ್ನು ನಾವು ಮೇಲಿಂದ ಮೇಲೆ ಕೇಳುತ್ತೇವೆ. ಒಮ್ಮೆ ಬಂದು ಹೋಯಿತೆಂದರೆ ಇನ್ನು ಮೊಮ್ಮಕ್ಕಳ ಕಾಲದವರೆಗೆ ಭಯವಿಲ್ಲವೆಂದು ಅದಕ್ಕೆ ಅರ್ಥ ಕಲ್ಪಿಸುವವರೇ ಬಹುಮಂದಿ. ವಡೋದರೆಯಲ್ಲಿ ವಿಶ್ವಾಮಿತ್ರಿ ನದಿಯ ನೀರು 2019ರ ಮಳೆಗಾಲದಲ್ಲಿ ಊರೊಳಕ್ಕೆ ನುಗ್ಗಿತು. 2024ರ ಆಗಸ್ಟ್ ತಿಂಗಳಲ್ಲಿ ಮತ್ತೆ ನುಗ್ಗಿತು. ಉದ್ಯೋಗಾರ್ಥವಾಗಿ ಬಂದು, ಸಾಲ ಮಾಡಿ ಇಲ್ಲಿ ಮನೆ ಕೊಳ್ಳಹೊರಟ ಕನ್ನಡಿಗ ಗೃಹಸ್ಥನು ಆ ಮಾತಿನ ನಿಜವಾದ ಅರ್ಥವನ್ನು ತಿಳಿದಿರುವುದು ಅವಶ್ಯ.

ಅಂಥ ನೆರೆಯು ಯಾವುದೇ ಒಂದು ವರ್ಷದಲ್ಲಿ ಬರುವ ಸಂಭವ ನೂರರಲ್ಲಿ ಒಂದು, ಅದರ ಅರ್ಥವಿಷ್ಟೇ. ಕಳೆದ ವರ್ಷ ಬಂದಿತೆಂಬ ಕಾರಣಕ್ಕೆ ಈ ವರ್ಷದ ಸಂಭವ ತಗ್ಗುವುದಿಲ್ಲ. ಹಾಗಾದರೆ ಸಾಲ ತೀರುವ 30 ವರ್ಷಗಳೊಳಗೆ ಒಮ್ಮೆಯಾದರೂ ನೀರು ಹೊಸ್ತಿಲು ದಾಟುವ ಸಂಭವವೆಷ್ಟು?

ಬೀಜಗಣಿತ ಬಾರದವರೂ ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಮಡಕೆಯೊಂದರಲ್ಲಿ 100 ಚೀಟಿಗಳನ್ನು ಹಾಕಿ, ಒಂದರ ಮೇಲೆ ಮಾತ್ರ ‘ನೆರೆ’ ಎಂದು ಬರೆಯಿರಿ. ಕಣ್ಣು ಮುಚ್ಚಿ ಒಂದು ಚೀಟಿಯನ್ನೆತ್ತಿ, ನೋಡಿ, ಮರಳಿ ಹಾಕಿ ಕಲಕಿರಿ. ಅದು ಒಂದು ವರ್ಷ. ಹೀಗೆ 30 ಸಲ ಎತ್ತಿದರೆ ಒಂದು ಸುತ್ತು. ಅನೇಕ ಸುತ್ತುಗಳನ್ನು ಆಡಿ, ಎಷ್ಟರಲ್ಲಿ ನೆರೆಯ ಚೀಟಿ ಕಾಣಿಸಿಕೊಂಡಿತೆಂದು ಎಣಿಸಿದರೆ, ಅದು ನೂರಕ್ಕೆ 26ರ ಸಮೀಪಕ್ಕೆ ಬಂದು ನಿಲ್ಲುವುದು. ನಾಲ್ಕು ಮನೆಗಳಲ್ಲಿ ಒಂದಕ್ಕಿಂತ ತುಸು ಹೆಚ್ಚೇ ಆಯಿತು!

ಚೀಟಿಯೆತ್ತುವ ಶ್ರಮವನ್ನು ತಪ್ಪಿಸಲು ಯಾದೃಚ್ಛಿಕ ಅಂಕಗಳ ಕೋಷ್ಟಕಗಳು ಹುಟ್ಟಿದವು. 1927ರಲ್ಲಿ ಟಿಪ್ಪೆಟ್ ಎಂಬ ಆಂಗ್ಲ ವಿದ್ವಾಂಸರು 41,600 ಅಂಕಗಳ ಕೋಷ್ಟಕವನ್ನು ಪ್ರಕಟಿಸಿದರು. ಎರಡೆರಡು ಅಂಕಗಳನ್ನು ಓದುತ್ತ ಹೋಗಿ, 00 ಬಂದಾಗ ನೆರೆಯೆಂದು ಗುರುತಿಸಿಕೊಂಡರೆ ಸಾಕು. 1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಒಬ್ಬರೇ ಇಸ್ಪೀಟು ಆಡುತ್ತಿದ್ದ ಗಣಿತಜ್ಞ ಉಲಾಮರಿಗೆ, ಆಟ ಗೆಲ್ಲುವ ಸಂಭವವನ್ನು ಸೂತ್ರದಿಂದ ಅರಸುವುದಕ್ಕಿಂತ ನೂರು ಸಲ ಆಡಿ ಎಣಿಸುವುದೇ ಸುಲಭವೆಂದು ಹೊಳೆಯಿತು. ವಾನ್ ನ್ಯೂಮನ್ನರೊಡಗೂಡಿ ಅವರು ಈ ಉಪಾಯವನ್ನು ಗಣಕಯಂತ್ರಕ್ಕೆ ಅಳವಡಿಸಿದರು. ಜೂಜಿಗೆ ಹೆಸರಾದ ಮಾಂಟೆ ಕಾರ್ಲೊ ಪಟ್ಟಣದ ಹೆಸರೇ ಈ ಪದ್ಧತಿಗೆ ಬಂದಿತು.

ಮೇಲಿನ ಪ್ರಶ್ನೆಗೆ ಸೂತ್ರವೂ ಉಂಟು. ಆದರೆ ಮಳೆಯ ಪ್ರಮಾಣ, ಆಜವಾ ಜಲಾಶಯದ ಮಟ್ಟ, ಹೂಳು ತುಂಬಿದ ನದೀಪಾತ್ರ ಇವೆಲ್ಲವೂ ಒಂದರೊಡನೊಂದು ಹೆಣೆದುಕೊಂಡಾಗ ಸೂತ್ರವು ಸೋಲುತ್ತದೆ, ಎಣಿಕೆಯು ಗೆಲ್ಲುತ್ತದೆ.

ಎರಡು ಎಚ್ಚರಿಕೆಗಳು ಮಾತ್ರ ಇರಲಿ. ನೂರೇ ಸುತ್ತು ಆಡಿದರೆ ಉತ್ತರವು ಒಮ್ಮೆ 22, ಒಮ್ಮೆ 30 ಎಂದು ತೂಗಾಡುವುದು. ಆ ತೂಗಾಟವನ್ನು ಅರ್ಧಕ್ಕಿಳಿಸಲು ಸುತ್ತುಗಳನ್ನು ನಾಲ್ಮಡಿ ಮಾಡಬೇಕು. ಎರಡನೆಯದು ಇನ್ನೂ ಮುಖ್ಯವಾದುದು. ಮಡಕೆಯಲ್ಲಿ ನೆರೆಯ ಚೀಟಿ ಒಂದೇ ಎಂದು ಹೇಳಿದವರು ನಾವು, ನದಿಯಲ್ಲ. ದಂಡೆಯನ್ನು ಒತ್ತಿ ಕಟ್ಟಡಗಳೆದ್ದಂತೆ ಅಂಥ ಚೀಟಿಗಳು ಹೆಚ್ಚುತ್ತ ಹೋಗಬಹುದು. ಆದುದರಿಂದ ಮುಂಗಡ ಕೊಡುವ ಮುನ್ನ, ಆ ಎರಡು ವರ್ಷಗಳಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ನೆರೆಮನೆಯವರನ್ನು ಕೇಳಿ, ಬಳಿಕ ಲೆಕ್ಕಕ್ಕೆ ಕೂಡುವುದು ಲೇಸು.