ಮೇಲೆ ಹೋದದ್ದು ಸಿಗಬೇಕಲ್ಲ!

2013ರ ಜೂನ್ ತಿಂಗಳು. ಅಮೆರಿಕದ ಅರಿಜೋನಾ ರಾಜ್ಯದ ಟ್ಯೂಬಾ ಸಿಟಿ ಎಂಬ ಊರಿನ ಹತ್ತಿರ ಗೆಳೆಯರ ಗುಂಪೊಂದು ಬಲೂನು ಹಾರಿಸಿತು. ಅವರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಇದ್ದರು. ಬಲೂನಿಗೆ ಕಟ್ಟಿದ ಪೆಟ್ಟಿಗೆಯಲ್ಲಿ ಕ್ಯಾಮೆರಾಗಳು, ಜೊತೆಗೊಂದು ಸ್ಮಾರ್ಟ್‌ಫೋನು. ಬಲೂನು ಮೇಲೆ ಹೋಗಿ ಒಡೆಯುತ್ತದೆ, ಪೆಟ್ಟಿಗೆ ಪ್ಯಾರಾಚೂಟ್ ಹಿಡಿದು ಇಳಿಯುತ್ತದೆ, ನೆಲ ಹತ್ತಿರ ಬಂದು ಸಿಗ್ನಲ್ ಸಿಕ್ಕ ಕೂಡಲೇ ಫೋನು ತಾನಿರುವ ಜಾಗ ತಿಳಿಸುತ್ತದೆ ಎಂಬುದು ಅವರ ಲೆಕ್ಕ. ಬಲೂನು 30 ಕಿ.ಮೀ. ಏರಿತು, ಒಡೆಯಿತು, ಪೆಟ್ಟಿಗೆಯೂ ಇಳಿಯಿತು. ಸಂದೇಶ ಮಾತ್ರ ಬರಲಿಲ್ಲ. ಇಳಿದ ಜಾಗದಲ್ಲಿ ಸಿಗ್ನಲ್ಲೇ ಇರಲಿಲ್ಲ. ಪೆಟ್ಟಿಗೆ ಎರಡು ವರ್ಷ ಮರುಭೂಮಿಯಲ್ಲಿ ಬಿದ್ದಿತ್ತು. ಕೊನೆಗೆ ಅದು ಚಾರಣಕ್ಕೆ ಹೋಗಿದ್ದ ಮಹಿಳೆಯೊಬ್ಬರ ಕಣ್ಣಿಗೆ ಬಿತ್ತು. ಆಕೆ ಕೆಲಸ ಮಾಡುತ್ತಿದ್ದದ್ದು ಒಂದು ಮೊಬೈಲ್ ಕಂಪನಿಯಲ್ಲಿ! ಒಳಗಿದ್ದ ಸಿಮ್ ಕಾರ್ಡಿನ ಜಾಡು ಹಿಡಿದು ಮಾಲೀಕರನ್ನು ಪತ್ತೆ ಮಾಡಿದ್ದಾಯಿತು. ಗ್ರ್ಯಾಂಡ್ ಕ್ಯಾನ್ಯನ್ ಕಂದರವನ್ನು ಅಷ್ಟು ಎತ್ತರದಿಂದ ತೋರಿಸುವ ಆ ವಿಡಿಯೊವನ್ನು ಜಗತ್ತು ನೋಡಿದ್ದು 2015ರ ಸೆಪ್ಟೆಂಬರ್‌ನಲ್ಲಿ.

ಹವ್ಯಾಸಿಗಳ ಬಲೂನು ಎಂದರೆ ಎಲ್ಲರ ನೆನಪಿಗೆ ಬರುವುದು ಇಂಥ ಚಿತ್ರಗಳೇ. ಕೆಳಗೆ ಬಾಗಿದ ಭೂಮಿ, ಅದರಂಚಿಗೆ ತೆಳುವಾದ ನೀಲಿ ಗೆರೆ, ಮೇಲೆ ಹಾಡಹಗಲಲ್ಲೇ ಕಪ್ಪಾದ ಆಕಾಶ. ಆದರೆ ಹಾರಿಸುವುದು ಒಂದು ಬೆಳಗಿನ ಕೆಲಸ. ಈ ವಿದ್ಯೆಯ ಕಸುವೆಲ್ಲ ಇರುವುದು ಹುಡುಕುವುದರಲ್ಲಿ. ಕ್ಯಾಮೆರಾ ಎಷ್ಟೇ ಚೆಂದದ ಚಿತ್ರ ತೆಗೆದಿರಲಿ, ಪೆಟ್ಟಿಗೆ ಕೈಗೆ ಬಾರದಿದ್ದರೆ ಆ ಚಿತ್ರ ಇಲ್ಲ. ಬಲೂನಿನ ಗಾತ್ರ, ಗಾಳಿಯ ಲೆಕ್ಕ, ರೇಡಿಯೊ, ಪೆಟ್ಟಿಗೆಯ ಮೇಲೆ ಅಂಟಿಸುವ ಚೀಟಿ, ಇವೆಲ್ಲವೂ ಕೊನೆಗೆ ಆ ಒಂದೇ ಪ್ರಶ್ನೆಗೆ ಉತ್ತರ ಹುಡುಕುತ್ತವೆ: ಎಲ್ಲಿ ಬಿತ್ತು?

ಈ ಪ್ರಶ್ನೆಗೆ ಈಗ 130 ವರ್ಷ ದಾಟಿದ ವಯಸ್ಸು. 1892–93ರಲ್ಲಿ ಪ್ಯಾರಿಸ್‌ನಲ್ಲಿ ಗುಸ್ತಾವ್ ಎರ್ಮಿತ್ ಮತ್ತು ಜಾರ್ಜ್ ಬೆಸಾನ್ಸೊಂ ಎಂಬಿಬ್ಬರು ಮನುಷ್ಯರಿಲ್ಲದ ಬಲೂನುಗಳನ್ನು ಮೇಲಕ್ಕೆ ಬಿಡತೊಡಗಿದರು. ಮೊದಮೊದಲ ಪುಟ್ಟ ಬಲೂನುಗಳಿಗೆ ಅವರು ಕಟ್ಟಿದ್ದು ಅಂಚೆ ಕಾರ್ಡು! ಸಿಕ್ಕವರು ಸಿಕ್ಕ ಜಾಗ ಬರೆದು ಡಬ್ಬಿಗೆ ಹಾಕಬೇಕು, ಅಷ್ಟೇ. ಮುಂದೆ ಉಷ್ಣತೆ, ಒತ್ತಡ ಬರೆದಿಡುವ ಯಂತ್ರಗಳನ್ನು ಕಟ್ಟಿದಾಗಲೂ ಅವು ರೈತನೊಬ್ಬನ ಕೈಗೆ ಸಿಕ್ಕಿ ಮರಳಿ ಬಂದರೆ ಮಾತ್ರ ವಿಜ್ಞಾನ. ಫ್ರಾನ್ಸಿನ ಹವಾಮಾನ ವಿಜ್ಞಾನಿ ಲಿಯಾನ್ ತೇಸ್ರಾಂಕ್ ದ ಬೋರ್ ಹೀಗೆ 200ಕ್ಕೂ ಹೆಚ್ಚು ಬಲೂನು ಹಾರಿಸಿ, ಸುಮಾರು 11 ಕಿ.ಮೀ. ದಾಟಿದ ಮೇಲೆ ಚಳಿ ಹೆಚ್ಚುವುದು ನಿಲ್ಲುತ್ತದೆಂದು 1902ರಲ್ಲಿ ಸಾರಿದ. ಇವತ್ತು ನಾವು ಸ್ತರಗೋಳ ಎನ್ನುವುದು ಪತ್ತೆಯಾದದ್ದು ಹಾಗೆ.

ಕತೆಯ ಮುಂದಿನ ತಿರುವು ಬೆಂಗಳೂರಿಗೂ ತಾಗಿಕೊಂಡಿದೆ. 1939–40ರ ಚಳಿಗಾಲದಲ್ಲಿ ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ರಾಬರ್ಟ್ ಮಿಲಿಕನ್, ವಿಕ್ಟರ್ ನೆಹರ್ ಮತ್ತು ವಿಲಿಯಂ ಪಿಕರಿಂಗ್ ಎಂಬ ಸಹೋದ್ಯೋಗಿಗಳೊಡನೆ ಭಾರತಕ್ಕೆ ಬಂದರು. ವಿಶ್ವಕಿರಣಗಳನ್ನು ಅಳೆಯಲು ಬೆಂಗಳೂರು, ಆಗ್ರಾ, ಪೇಶಾವರಗಳಿಂದ ಬಲೂನು ಬಿಟ್ಟರು. ಕಾಂತೀಯ ಸಮಭಾಜಕ ರೇಖೆಗೆ ಹತ್ತಿರವಿರುವ ದಕ್ಷಿಣ ಭಾರತ ಆ ಅಳತೆಗೆ ಹೇಳಿ ಮಾಡಿಸಿದ ಜಾಗ. ನೆಹರ್ ಮತ್ತು ಪಿಕರಿಂಗ್ ಉಪಕರಣಕ್ಕೆ ರೇಡಿಯೊ ಜೋಡಿಸಿದ್ದರು. ಪೆಟ್ಟಿಗೆ ಕಳೆದುಹೋದರೂ ಅಂಕಿ ಅಂಶ ಕಳೆದುಹೋಗದು. ಇದೇ ಪಿಕರಿಂಗ್ ಮುಂದೆ ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಮುಖ್ಯಸ್ಥರಾದರು. 1958ರಲ್ಲಿ ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್-1 ಅವರ ಮುಂದಾಳತ್ವದಲ್ಲೇ ಸಿದ್ಧವಾಯಿತು.

ಹವ್ಯಾಸಿಗಳು ಇದಕ್ಕೆ ಕೈ ಹಾಕಿದ್ದು ಬಹಳ ತಡವಾಗಿ. 1987ರಲ್ಲಿ ಒಹಾಯೊ ರಾಜ್ಯದ ಬಿಲ್ ಬ್ರೌನ್ ಎಂಬ ಹ್ಯಾಮ್ ರೇಡಿಯೊ ಹವ್ಯಾಸಿ ಬಲೂನಿನಿಂದ ಟಿ.ವಿ. ಚಿತ್ರ ಪ್ರಸಾರ ಮಾಡಿ ತೋರಿಸಿದರು. ಆಮೇಲೆ ಕೊಲರಾಡೊದ ಹವ್ಯಾಸಿಗಳು ಸಂಘ ಕಟ್ಟಿದರು. 2006ರ ಸೆಪ್ಟೆಂಬರ್‌ನಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ‘ನೋವಾ 1’ ಬಲೂನು 32 ಕಿ.ಮೀ. ಎತ್ತರದಿಂದ ತಂದ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. 2008ರ ಡಿಸೆಂಬರ್‌ನಲ್ಲಿ ಅವರು ನಾಲ್ಕು ಟೆಡ್ಡಿ ಕರಡಿಗಳನ್ನು ಮೇಲೆ ಕಳಿಸಿದರು. ಕರಡಿಗಳು ತೊಟ್ಟಿದ್ದ ‘ಅಂತರಿಕ್ಷ ಉಡುಪು’ಗಳನ್ನು ಹೊಲಿದವರು ಶಾಲಾ ಮಕ್ಕಳು. ಯಾವ ಬಟ್ಟೆ ಚಳಿ ತಡೆಯುತ್ತದೆ ಎಂಬುದು ಪಾಠ. ನೂರು ಪುಟದ ಪಠ್ಯಕ್ಕಿಂತ ಇದು ವಾಸಿ ಎನ್ನುವವರ ಪೈಕಿ ನಾನೂ ಒಬ್ಬ. 2009ರಲ್ಲಿ ಅಮೆರಿಕದ ಎಂಐಟಿಯ ವಿದ್ಯಾರ್ಥಿಗಳು ಹಳೆಯ ಕೆನಾನ್ ಕ್ಯಾಮೆರಾ, ಅಗ್ಗದ ಮೊಬೈಲು, ಥರ್ಮೊಕೋಲ್ ಡಬ್ಬಿ ಸೇರಿಸಿ 150 ಡಾಲರ್ ಒಳಗೆ ಸುಮಾರು 28 ಕಿ.ಮೀ. ಮುಟ್ಟಿದರು. 2012ರಲ್ಲಿ ಟೊರಾಂಟೊದ 17ರ ಹರೆಯದ ಇಬ್ಬರು ಹುಡುಗರು ಕೆನಡಾ ಬಾವುಟ ಹಿಡಿದ ಲೆಗೊ ಗೊಂಬೆಯನ್ನು 24 ಕಿ.ಮೀ. ಮೇಲೆ ಕಳಿಸಿ ಮನೆಮಾತಾದರು. ಇಂಥ ಸುದ್ದಿಗಳಲ್ಲಿ ಖರ್ಚಿನ ಅಂಕಿ ತಪ್ಪದೆ ಇರುತ್ತದೆ. ಬೆನ್ನಟ್ಟಿ ಹೋದ ಕಾರಿನ ಪೆಟ್ರೋಲನ್ನು ಮಾತ್ರ ಅದಕ್ಕೆ ಯಾರೂ ಸೇರಿಸಿದಂತೆ ಕಾಣೆ.

ಬಲೂನು ಎಂದರೆ ಇಲ್ಲಿ ಹವಾಮಾನ ಇಲಾಖೆಯವರು ಬಳಸುವಂಥ ಲೇಟೆಕ್ಸ್ ಬಲೂನು. ತುಂಬಿಸುವ ಹೊತ್ತನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಗಾಳಿ ಏಳುವ ಮುಂಚೆ, ನಸುಕಿನಲ್ಲಿ, ನೆಲಕ್ಕೆ ಟಾರ್ಪಾಲು ಹಾಸುತ್ತಾರೆ. ಕೈಗವಸಿಲ್ಲದೆ ಯಾರೂ ರಬ್ಬರು ಮುಟ್ಟುವಂತಿಲ್ಲ, ಬೆರಳಿನ ಜಿಡ್ಡು ಅದನ್ನು ಸೊರಗಿಸುತ್ತದೆ. ಉಂಗುರ, ಗಡಿಯಾರ ಬಿಚ್ಚಿಡಬೇಕು. ಎಷ್ಟು ಅನಿಲ ಸಾಕು ಎಂದು ಅಳೆಯಲು ದುಬಾರಿ ಮಾಪಕವೇನೂ ಬೇಡ. ಬಲೂನಿನ ಕತ್ತಿಗೆ ಒಂದು ನೀರಿನ ಬಾಟಲಿ ನೇತುಹಾಕುತ್ತಾರೆ. ಪೆಟ್ಟಿಗೆ, ಪ್ಯಾರಾಚೂಟುಗಳ ತೂಕಕ್ಕೆ, ಮೇಲೇರಲು ಬೇಕಾದ ಹೆಚ್ಚುವರಿ ಎಳೆತವನ್ನೂ ಕೂಡಿಸಿ, ಅಷ್ಟು ತೂಗುವಂತೆ ಬಾಟಲಿಗೆ ಮೊದಲೇ ನೀರು ತುಂಬಿರುತ್ತದೆ. ಬಲೂನು ಬಾಟಲಿಯನ್ನು ಎತ್ತಿಯೂ ಎತ್ತದಂತೆ ಹಿಡಿದು ನಿಂತ ಕ್ಷಣ ಸಿಲಿಂಡರ್ ಬಂದ್. ಕತ್ತನ್ನು ಬಿಗಿದು, ಮಡಚಿ, ಮತ್ತೆ ಬಿಗಿದು ಟೇಪು ಸುತ್ತುತ್ತಾರೆ.

ಇಲ್ಲಿ ಕಂಜೂಸಿತನ ಮಾಡಿದರೂ ಕಷ್ಟ, ಧಾರಾಳಿಯಾದರೂ ಕಷ್ಟ. ಅನಿಲ ಕಡಿಮೆಯಾದರೆ ಬಲೂನು ತೆವಳುತ್ತ ಏರುತ್ತದೆ, ಗಾಳಿ ಅದನ್ನು ಎಲ್ಲಿಗೋ ಒಯ್ಯುತ್ತದೆ. ಜಾಸ್ತಿಯಾದರೆ ಬೇಗ ಉಬ್ಬಿ, ಎತ್ತರ ಮುಟ್ಟುವ ಮೊದಲೇ ಒಡೆಯುತ್ತದೆ. ಸೆಕೆಂಡಿಗೆ ಸುಮಾರು 5 ಮೀಟರ್ ಏರುವಂತೆ ತುಂಬಿಸುವುದು ವಾಡಿಕೆ. ಆ ಲೆಕ್ಕದಲ್ಲಿ 30 ಕಿ.ಮೀ. ಮುಟ್ಟಲು ನೂರು ನಿಮಿಷ ಬೇಕು. ಹೈಡ್ರೋಜನ್ ಹೀಲಿಯಂಗಿಂತ ಅರ್ಧದಷ್ಟೇ ತೂಕದ್ದು, ಹಾಗಾಗಿ ಇಮ್ಮಡಿ ಎತ್ತುತ್ತದೆ ಎಂದುಕೊಳ್ಳುವವರು ಬಹಳ. ಎತ್ತುವುದು ಸ್ಥಳಾಂತರಗೊಂಡ ಗಾಳಿಯ ತೂಕವಾದ್ದರಿಂದ ವ್ಯತ್ಯಾಸ ಶೇ 8ರ ಆಸುಪಾಸು ಮಾತ್ರ. ಹೈಡ್ರೋಜನ್‌ಗೆ ಬೆಂಕಿಯ ಭಯ, ಹೀಲಿಯಂಗೆ ಬೆಲೆಯ ಭಯ.

ಮೇಲೇರಿದಂತೆ ಹೊರಗಿನ ಒತ್ತಡ ಕುಸಿಯುತ್ತದೆ, ಬಲೂನು ಹಿಗ್ಗುತ್ತದೆ. 30 ಕಿ.ಮೀ. ಎತ್ತರದಲ್ಲಿ ಗಾಳಿಯ ಒತ್ತಡ ನೆಲಮಟ್ಟದ ಶೇ 1ರ ಆಸುಪಾಸು ಮಾತ್ರ. ನೆಲದಲ್ಲಿ 2 ಮೀಟರ್ ಅಡ್ಡಗಲವಿದ್ದದ್ದು ಅಲ್ಲಿ 8 ಮೀಟರ್ ಆಗಿ, ಕೊನೆಗೆ ಚಿಂದಿಯಾಗುತ್ತದೆ. ಒಡೆದ ಕೂಡಲೇ ಪ್ಯಾರಾಚೂಟ್ ಇದ್ದೂ ಇಲ್ಲದಂತೆ. ಹಿಡಿಯಲು ಗಾಳಿಯೇ ಇಲ್ಲವಲ್ಲ! ಪೆಟ್ಟಿಗೆ ಗಿರಗಿರನೆ ತಿರುಗುತ್ತ ಬೀಳುತ್ತದೆ. ಕೆಳಗಿನ ದಟ್ಟ ಗಾಳಿ ಸಿಕ್ಕ ಮೇಲೆಯೇ ಇಳಿತ ನಿಧಾನ.

ಚಳಿಯದು ಇನ್ನೊಂದು ಪಾಡು. ನಮ್ಮಂಥ ಉಷ್ಣವಲಯದ ನೆತ್ತಿಯ ಮೇಲಿನ ಆಕಾಶ ಯುರೋಪಿನ ಆಕಾಶಕ್ಕಿಂತ ತಣ್ಣಗೆ ಎಂದರೆ ನಂಬುವುದು ಕಷ್ಟ. ನಿಜ ಹಾಗೇ ಇದೆ. ಇಲ್ಲಿ ಸ್ತರಗೋಳ ಶುರುವಾಗುವುದೇ 16–17 ಕಿ.ಮೀ. ಎತ್ತರದಲ್ಲಿ. ಅಲ್ಲಿಯವರೆಗೂ ಉಷ್ಣತೆ ಇಳಿಯುತ್ತಲೇ ಹೋಗಿ ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನ ಹತ್ತಿರಕ್ಕೆ ಬರುತ್ತದೆ. ಮಾಮೂಲಿ ಬ್ಯಾಟರಿ ಅಲ್ಲಿ ಕಣ್ಣು ಮುಚ್ಚುತ್ತದೆ, ಲಿಥಿಯಂ ಸೆಲ್ಲೇ ಬೇಕು. ಪರ್ವತಾರೋಹಿಗಳು ಜೇಬಿನಲ್ಲಿಡುವ ಕೈ ಬೆಚ್ಚಗಿಡುವ ಪೊಟ್ಟಣಗಳನ್ನು ಕೆಲವರು ಕ್ಯಾಮೆರಾ ಪಕ್ಕ ಇಡುತ್ತಾರೆ. ಅವುಗಳೊಳಗಿನ ಕಬ್ಬಿಣದ ಪುಡಿ ತುಕ್ಕು ಹಿಡಿಯುವಾಗ ಹುಟ್ಟುವ ಶಾಖ ಅದು. ತುಕ್ಕಿಗೆ ಆಮ್ಲಜನಕ ಬೇಕು, ಮೇಲೆ ಅದು ವಿರಳ. ಎಲ್ಲಿ ಬಿಸಿ ಅತಿ ಅಗತ್ಯವೋ ಅಲ್ಲೇ ಪೊಟ್ಟಣ ಕೈಕೊಡುತ್ತದೆ.

ಇನ್ನು ಪತ್ತೆ ಹಚ್ಚುವ ಮಾತು. ಸಾಧಾರಣ ಜಿಪಿಎಸ್ ಮಾಡ್ಯೂಲುಗಳಲ್ಲಿ ಬಹಳಷ್ಟು 18 ಕಿ.ಮೀ. ದಾಟಿದ ಮೇಲೆ ಬಾಯಿ ಮುಚ್ಚುತ್ತವೆ. ಕ್ಷಿಪಣಿಗಳಲ್ಲಿ ಬಳಕೆಯಾಗಬಾರದೆಂದು ಶೀತಲ ಸಮರದ ಕಾಲದಿಂದ ಬಂದ ಕಟ್ಟುಪಾಡಿದು. ಹವ್ಯಾಸಿಗಳ ಅಚ್ಚುಮೆಚ್ಚಿನ ಯು-ಬ್ಲಾಕ್ಸ್ ಚಿಪ್‌ಗೆ ‘ಏರ್‌ಬೋರ್ನ್ ಮೋಡ್’ಗೆ ಹೋಗು ಎಂದು ಆದೇಶ ಕೊಟ್ಟರೆ ಅದು 50 ಕಿ.ಮೀ.ವರೆಗೆ ಸ್ಥಳ ಹೇಳುತ್ತದೆ. ಆ ಒಂದು ಸಾಲು ಬರೆಯಲು ಮರೆತರೆ ಬಲೂನು ನಡುದಾರಿಯಲ್ಲಿ ಮಾಯ. ಮೊಬೈಲನ್ನೇ ನಂಬುವುದೂ ಜಾಣತನವಲ್ಲ. ಅದು ಕೆಲವೇ ಕಿಲೊಮೀಟರ್ ಏರಿದ ಮೇಲೆ ಟವರುಗಳ ಕೈಗೆ ಸಿಗುವುದಿಲ್ಲ, ಇಳಿಯುವ ಜಾಗವನ್ನು ಕೇಳಿ ಟವರ್ ನೆಟ್ಟವರಿಲ್ಲ.

ಹಾಗಾಗಿ ನೆಚ್ಚಿಗೆ ರೇಡಿಯೊ. ಬ್ರಿಟನ್ನಿನಲ್ಲಿ ಹಾರುವ ವಸ್ತುವಿನಿಂದ ಹ್ಯಾಮ್ ಪ್ರಸಾರ ಮಾಡುವಂತಿಲ್ಲ ಎಂಬ ನಿಯಮವಿತ್ತು. ಅಲ್ಲಿನವರು ಪರವಾನಗಿ ಬೇಡದ 434 ಮೆಗಾಹರ್ಟ್ಸ್‌ನ, ಬರೀ 10 ಮಿಲಿವ್ಯಾಟ್‌ನ ಟ್ರಾನ್ಸ್‌ಮಿಟರ್ ಹಿಡಿದರು. ಇಷ್ಟು ಕ್ಷೀಣ ದನಿ ನೂರಾರು ಕಿಲೊಮೀಟರ್ ದೂರಕ್ಕೆ ಕೇಳುತ್ತದೆ, ಯಾಕೆಂದರೆ ಬಲೂನಿಗೂ ಆಂಟೆನಾಕ್ಕೂ ನಡುವೆ ಬೆಟ್ಟವಿಲ್ಲ, ಕಟ್ಟಡವಿಲ್ಲ. ಊರೂರಿನಲ್ಲಿ ಕೂತ ಅಪರಿಚಿತರು ಆ ಸಂಕೇತ ಹಿಡಿದು ಒಂದೇ ನಕ್ಷೆಗೆ ಸೇರಿಸುತ್ತಾರೆ. ಕಾರಿನಲ್ಲಿ ಬೆನ್ನಟ್ಟುವವನಿಗೆ ಬಲೂನು ಕಾಣದಿದ್ದರೂ ಅದರ ಚುಕ್ಕಿ ಕಾಣುತ್ತದೆ. ಹಾರಿಸುವ ಮೊದಲೇ ಇಳಿಯುವ ಜಾಗ ಊಹಿಸುವ ತಂತ್ರಾಂಶವನ್ನು ಕೇಂಬ್ರಿಜ್ ವಿದ್ಯಾರ್ಥಿಗಳು ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ಆ ಊಹೆ ಸಮುದ್ರವನ್ನು ತೋರಿಸಿದ ದಿನ ಜಾಣರು ಸಿಲಿಂಡರ್ ಕಟ್ಟಿಕೊಂಡು ಮನೆಗೆ ಹೋಗುತ್ತಾರೆ.

ನಮ್ಮ ಗಾಳಿಯ ನಡೆಯೇ ಬೇರೆ. ಮುಂಗಾರಿನ ತಿಂಗಳುಗಳಲ್ಲಿ ಕೆಳಗೆ ಪಶ್ಚಿಮದ ಗಾಳಿ ಬೀಸುತ್ತಿದ್ದರೆ 14–16 ಕಿ.ಮೀ. ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ರಭಸದ ಹರಿವು. ಈ ಪೂರ್ವದ ಜೆಟ್ ಪ್ರವಾಹವನ್ನು 1950ರ ದಶಕದಲ್ಲಿ ವಿವರಿಸಿದವರು ನಮ್ಮ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಬಲೂನು ಒಂದು ಬಸ್ಸಿಳಿದು ಎದುರು ದಿಕ್ಕಿನ ಬಸ್ಸು ಹತ್ತಿದಂತೆ ಹೋಗುತ್ತದೆ. ಅದೃಷ್ಟವಿದ್ದರೆ ಹೊರಟಲ್ಲಿಗೇ ಹತ್ತಿರ ಬಂದು ಬೀಳಬಹುದು.

ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿರುವ ತಮ್ಮ ಕ್ರೆಸ್ಟ್ ಆವರಣದಿಂದ ಭಾರತೀಯ ಖಭೌತ ಸಂಸ್ಥೆಯವರು ಕಳೆದ ದಶಕದ ಆರಂಭದಲ್ಲಿ ಇಂಥದೇ ಲೇಟೆಕ್ಸ್ ಬಲೂನುಗಳಲ್ಲಿ 6 ಕೆ.ಜಿ. ಒಳಗಿನ ಉಪಕರಣಗಳನ್ನು ಹಾರಿಸಿದ್ದರು. ಸಂಸ್ಥೆ ದೊಡ್ಡದು, ವಿಧಾನ ಮಾತ್ರ ಹವ್ಯಾಸಿಗಳದ್ದೇ. 2022ರ ಆಗಸ್ಟ್‌ನಲ್ಲಿ ಚೆನ್ನೈನ ಸ್ಪೇಸ್ ಕಿಡ್ಜ್ ಇಂಡಿಯಾ ಸಂಸ್ಥೆ ಸುಮಾರು 30 ಕಿ.ಮೀ. ಎತ್ತರದಲ್ಲಿ ತ್ರಿವರ್ಣ ಧ್ವಜ ಬಿಚ್ಚಿ ತೋರಿಸಿತು. ‘ಅಂತರಿಕ್ಷದಲ್ಲಿ ಬಾವುಟ’ ಎಂದು ಬರೆದವರು ತುಸು ಅವಸರ ಮಾಡಿದರು. ಅಂತರಿಕ್ಷದ ಗಡಿಯೆಂದು ಸಾಮಾನ್ಯವಾಗಿ ಒಪ್ಪಿರುವ ಕಾರ್ಮನ್ ರೇಖೆ 100 ಕಿ.ಮೀ. ಮೇಲಿದೆ, ಬಲೂನು ಅದರ ಮೂರನೇ ಒಂದು ಭಾಗದಷ್ಟು ಮುಟ್ಟಿದರೆ ಹೆಚ್ಚು. ಭೂಮಿಯ ಗುರುತ್ವ ಬಲೂನಿನ ಎತ್ತರದಲ್ಲೂ ಶೇ 99ರಷ್ಟು ಇದ್ದೇ ಇರುತ್ತದೆ. ಚಿತ್ರಗಳಲ್ಲಿ ಭೂಮಿ ಚೆಂಡಿನಷ್ಟು ಬಾಗಿರುವುದಕ್ಕೆ ಗೋಪ್ರೊ ಕ್ಯಾಮೆರಾದ ಅಗಲ ಲೆನ್ಸಿನ ಕೈವಾಡವೂ ಇದೆ. ದಿಗಂತ ಚಿತ್ರದ ನಡುಗೆರೆಗಿಂತ ಕೆಳಗೆ ಜಾರಿದಾಗ ಅದೇ ಭೂಮಿ ತಟ್ಟೆಯ ಹಾಗೆ ಒಳಬಾಗುವುದನ್ನು ವಿಡಿಯೊ ನಿಲ್ಲಿಸಿ ನೋಡಬಹುದು. ನಿಜವಾದ ಬಾಗು ಇದೆ, ಆದರೆ ನವಿರು. ಬೆಂಗಳೂರಿನ ಮೇಲೆ 30 ಕಿ.ಮೀ. ಎತ್ತರದಿಂದ ದಿಗಂತ 600 ಕಿ.ಮೀ.ಗೂ ಆಚೆ. ಮೋಡ, ಮಬ್ಬು ಇಲ್ಲದ ದಿನ ಅರಬ್ಬೀ ಸಮುದ್ರವೂ ಬಂಗಾಳ ಕೊಲ್ಲಿಯೂ ಒಟ್ಟಿಗೆ ಕಾಣಬೇಕು. ಇದನ್ನು ಉಬ್ಬಿಸಿ ಹೇಳಲು ಯಾವ ಲೆನ್ಸಿನ ಹಂಗೂ ಬೇಡ.

ಇಲ್ಲಿ ಹಾರಿಸಬೇಕೆಂದರೆ ವಿಮಾನಯಾನದವರ ಅನುಮತಿ, ರೇಡಿಯೊಗೆ ತಕ್ಕ ಪರವಾನಗಿ ಎರಡೂ ಬೇಕು. ಒಬ್ಬ ಹುಡುಗ ತಾರಸಿಯಿಂದ ಬಿಡುವ ಸಂಗತಿ ಇದಲ್ಲ. ಆದರೆ ಹುಡುಕುವುದಕ್ಕೆ ಹಾರಿಸಲೇಬೇಕೆಂದಿಲ್ಲ. ಜಗತ್ತಿನ ಸುಮಾರು 900 ಕೇಂದ್ರಗಳಿಂದ ಹವಾಮಾನ ಬಲೂನುಗಳು ಏರುತ್ತವೆ. ಬೆಂಗಳೂರು ಮತ್ತು ಮಂಗಳೂರು ಕೇಂದ್ರಗಳೂ ಅವುಗಳಲ್ಲಿ ಸೇರಿವೆ. ಆ ಬಲೂನುಗಳ ರೇಡಿಯೊ ದನಿಯನ್ನು ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರಿಸೀವರಿನಲ್ಲಿ ಹಿಡಿದು, ಬಿದ್ದ ಜಾಗಕ್ಕೆ ಸೈಕಲ್ ತುಳಿದು ಹೋಗುವವರ ದೊಡ್ಡ ಬಳಗವೇ ಯುರೋಪಿನಲ್ಲಿದೆ.

ಆಕಾಶದಿಂದ ಬಿದ್ದದ್ದನ್ನು ನಮ್ಮೂರುಗಳಲ್ಲಿ ಮೊದಲು ಕಾಣುವುದು ಹೊಲಕ್ಕೆ ಹೋದವರು. 2025ರ ಜನವರಿಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಹೈದರಾಬಾದ್ ಕೇಂದ್ರದ ಭಾರಿ ಬಲೂನೊಂದು ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಇಳಿಯಿತು. ಶಾಸನ ಬರೆಯುವ ಶಿಲಾಬಾಲಿಕೆಯ ಚಾಲುಕ್ಯ ಗುಡಿಗೆ ಹೆಸರಾದ ಊರದು. ಜನ ಗಾಬರಿಬಿದ್ದರು, ಪೊಲೀಸರು ಬಂದರು. ಯಂತ್ರ ಯಾರದೆಂದು ತಿಳಿದದ್ದು ಅದರೊಂದಿಗಿದ್ದ ಪತ್ರದಿಂದ. ಹೊಸಕೋಟೆಯ ಕಡೆಯಿಂದ ಬಲೂನು ಬಿಡುವವರು ಪೆಟ್ಟಿಗೆಯ ಮೇಲೆ ‘ಅಪಾಯವಿಲ್ಲ, ಈ ಸಂಖ್ಯೆಗೆ ಫೋನ್ ಮಾಡಿ’ ಎಂದು ಕನ್ನಡದಲ್ಲಷ್ಟೇ ಬರೆದರೆ ಸಾಲದು. ಗಾಳಿ ರಾಜ್ಯದ ಗಡಿ ನೋಡುವುದಿಲ್ಲ, ತಮಿಳು, ತೆಲುಗಿನಲ್ಲೂ ಬರೆಯಬೇಕು, ಮೂರೂ ಮಳೆಗೆ ಅಳಿಯದ ಶಾಯಿಯಲ್ಲಿರಬೇಕು.