ಸುಧಾರಣೆ ಯಾವಾಗ ಆವಿಷ್ಕಾರವಾಗುತ್ತದೆ?

ಉತ್ತರ ಪ್ರದೇಶದ ಮಿರ್ಜಾಪುರ ಹಿತ್ತಾಳೆ ಪಾತ್ರೆಗಳಿಗೆ ಹೆಸರಾದ ಊರು. ಅಲ್ಲಿನ ಕಾರ್ಖಾನೆಗಳಲ್ಲಿ ತಟ್ಟೆಯನ್ನು ಲೇಥ್‌ನ ಒಂದು ಬದಿಗೆ ಅಂಟಿನಿಂದಲೋ ಚಕ್‌ನಿಂದಲೋ ಹಿಡಿಸಿ, ತಿರುಗಿಸುತ್ತ ಕೆರೆದು ಹೊಳಪು ಕೊಡುತ್ತಿದ್ದರು. ಹಿಡಿತ ಸಡಿಲಿದರೆ ತಟ್ಟೆ ಹಾರಿ ಕೆಲಸಗಾರನಿಗೇ ಬಡಿಯುವ ಅಪಾಯವಿತ್ತು. ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ಇದಕ್ಕೆ ಪರಿಹಾರ ಹುಡುಕಿತು. ಎದುರು ಬದಿಯಿಂದ ಲೇಥ್‌ನ ಟೇಲ್‌ಸ್ಟಾಕ್ ಎಂಬ ಭಾಗ ತಟ್ಟೆಯನ್ನು ಒತ್ತಿ ಹಿಡಿಯುವ ಈ ವ್ಯವಸ್ಥೆಗೆ 1951ರಲ್ಲಿ ಅರ್ಜಿ ಹಾಕಿ ಪೇಟೆಂಟ್ ಪಡೆಯಿತು.

ಅದೇ ಊರಿನ ಬಿಶ್ವನಾಥ್ ಪ್ರಸಾದ್ ರಾಧೇ ಶ್ಯಾಮ್ ಸಂಸ್ಥೆ ಈ ವಿಧಾನವನ್ನು ಬಳಸುತ್ತಿದೆ ಎಂದು ದಾವೆ ಹೂಡಲಾಯಿತು. ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 1978ರಲ್ಲಿ ಪೇಟೆಂಟೇ ಊರ್ಜಿತವಲ್ಲ ಎಂಬ ತೀರ್ಪು ಬಂತು.

ಕೆಲಸ ಸುರಕ್ಷಿತವಾಗಿತ್ತು, ವೇಗವೂ ಹೆಚ್ಚಿತ್ತು. ಆದರೂ ಪೇಟೆಂಟ್ ಉಳಿಯಲಿಲ್ಲ, ಏಕೆ? ಟೇಲ್‌ಸ್ಟಾಕ್‌ನಿಂದ ವಸ್ತುವನ್ನು ಹಿಡಿಯುವುದು ಲೇಥ್ ಬಲ್ಲವರಿಗೆ ಮೊದಲೇ ಗೊತ್ತಿತ್ತು. ಅರ್ಜಿಯ ದಿನದವರೆಗಿನ ತಿಳಿವಳಿಕೆಯುಳ್ಳ ನುರಿತ ಕುಶಲಕರ್ಮಿಯೊಬ್ಬನ ಮುಂದೆ ಇದೇ ಸಮಸ್ಯೆ ಇಟ್ಟರೆ, ಈ ಆವಿಷ್ಕಾರದ ಸುಳಿವಿಲ್ಲದೆಯೇ ಅವನಿಗೆ ಉತ್ತರ ಹೊಳೆಯುತ್ತಿತ್ತೇ? ನ್ಯಾಯಾಲಯ ಹಿಡಿದ ಅಳತೆಗೋಲು ಇದು.

'ಆವಿಷ್ಕಾರದ ಸುಳಿವಿಲ್ಲದೆ' ಎಂಬ ಷರತ್ತೇ ಇದರ ಜೀವಾಳ. ಉತ್ತರ ಕಂಡ ಮೇಲೆ ಎಲ್ಲವೂ ಸುಲಭವೆನಿಸುತ್ತದೆ. ಆ ಭ್ರಮೆಗೆ ಬಿದ್ದರೆ ನಿಜವಾದ ಆವಿಷ್ಕಾರಕನಿಗೆ ಅನ್ಯಾಯ. ಹಾಗೆಂದು ಪ್ರತಿ ಸಣ್ಣ ಮಾರ್ಪಾಡಿಗೂ ಏಕಸ್ವಾಮ್ಯ ಕೊಟ್ಟರೆ ಉಳಿದ ಕುಶಲಕರ್ಮಿಗಳ ಕೈ ಕಟ್ಟಿಹಾಕಿದಂತೆ.

1966ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದೇ ದಿನ ನೀಡಿದ ತೀರ್ಪುಗಳು ಮಾರ್ಪಾಡಿಗೂ ಆವಿಷ್ಕಾರಕ್ಕೂ ನಡುವಿನ ಗೆರೆಯ ಎರಡೂ ಬದಿಯನ್ನು ತೋರಿಸುತ್ತವೆ. ಗ್ರಹಾಂ ಎಂಬಾತ ಕಲ್ಲುನೆಲದಲ್ಲಿ ನೇಗಿಲ ದಂಡ ಚೆನ್ನಾಗಿ ಬಾಗುವಂತೆ ಅದನ್ನು ಹಿಂಜ್ ತಟ್ಟೆಯ ಮೇಲಿನಿಂದ ಕೆಳಕ್ಕೆ ಬದಲಿಸಿದ್ದ. ಬಲ್ಲವರಿಗೆ ತಾನಾಗಿ ಹೊಳೆಯುವ ಬದಲಾವಣೆ ಎಂದು ನ್ಯಾಯಾಲಯ ಪೇಟೆಂಟನ್ನು ತಳ್ಳಿಹಾಕಿತು. ಆಡಮ್ಸ್ ತಯಾರಿಸಿದ, ನೀರು ಹಾಕಿದರೆ ಚಾಲೂ ಆಗುವ ಬ್ಯಾಟರಿಯಲ್ಲೂ ಬಳಸಿದ ಪದಾರ್ಥಗಳು ಹಳೆಯವೇ. ಆದರೆ ತಜ್ಞರು ಮೊದಲು ಅದನ್ನು ನಂಬಲೇ ಇಲ್ಲ. ಫಲಿತಾಂಶ ಯಾರೂ ನಿರೀಕ್ಷಿಸದಂಥದ್ದು. ಆ ಪೇಟೆಂಟ್ ಉಳಿಯಿತು.

ಭಾರತದ 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಎಫ್) ಕೂಡ, ತಮ್ಮ ಪಾಡಿಗೆ ಹಳೆಯ ಕೆಲಸವನ್ನೇ ಮಾಡುವ ಸಾಧನಗಳ ಬರೀ ಜೋಡಣೆಯನ್ನು ಆವಿಷ್ಕಾರವೆಂದು ಒಪ್ಪುವುದಿಲ್ಲ. ಹಾಗಾಗಿ ಯಂತ್ರವೊಂದನ್ನು ಮಾರ್ಪಡಿಸಿದವರು ಅದರ ಚಿತ್ರವನ್ನಷ್ಟೇ ನೆಚ್ಚಿಕೊಂಡರೆ ಸಾಲದು. ಹಿಂದಿನ ವಿಧಾನಗಳು ಎಲ್ಲಿ ಸೋತವು, ಭಾಗಗಳು ಒಟ್ಟುಗೂಡಿ ಯಾವ ಹೊಸ ಪರಿಣಾಮ ಕೊಟ್ಟವು ಎಂಬುದನ್ನು ಪರೀಕ್ಷೆಯ ಅಂಕಿ-ಅಂಶಗಳ ಸಮೇತ ಪರಿಶೀಲನಾಧಿಕಾರಿಯ ಮುಂದಿಡಬೇಕು.